ರಕ್ತದಲ್ಲಿ ಅನ್ನಾಂಗದ ಆಧಿಕ್ಯ: ಬಿ-12ನ್ನು ಕುರಿತು ಒಂದು ವಿಚಾರ

'ವಿಟಮಿನ್' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಪರ್ಯಾಯ ಪದಗಳು ಬಳಕೆಗೆ ಬಂದವು: ಒಂದು ಅನ್ನಾಂಗ, ಇನ್ನೊಂದು ಜೀವಸತ್ತ್ವ. ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣುತ್ತಿದ್ದ ಮೊದಲನೆಯದು ಹಿಂದೆ ಸರಿದು, ಎರಡನೆಯದು ಗೆದ್ದು ನಿಂತಿತು. ಈ ಗೆಲುವು ಅಷ್ಟೇನೂ ಹಿತಕರವಾಗಲಿಲ್ಲವೆಂದು ತೋರುತ್ತದೆ. ಸತ್ತ್ವವೆಂದರೆ ಬಲ, ಸಾರ. ಬಲವು ಹೆಚ್ಚಿದಷ್ಟೂ ಒಳ್ಳೆಯದೆಂದು ಯಾರಾದರೂ ತಿಳಿಯುವುದು ಸಹಜವೇ. ಅನ್ನಾಂಗವಾದರೋ ಅನ್ನದ ಒಂದು ಅಂಗ ಮಾತ್ರ. ಅಂಗವು ಇರಬೇಕಾದಷ್ಟು ಇದ್ದರೆ ಸಾಕು. ಆರನೆಯ ಬೆರಳು ಮೂಡಿದ ಮಾತ್ರಕ್ಕೆ ಕೈಯ ಬಲ ಹೆಚ್ಚದು. 1912ರಲ್ಲಿ ಕ್ಯಾಸಿಮಿರ್ ಫಂಕ್ ಎಂಬ ವಿಜ್ಞಾನಿಯು ಮೂಲಶಬ್ದವನ್ನು ಕಟ್ಟುವಾಗಲೇ 'ವೀಟಾ', ಎಂದರೆ ಜೀವ, ಎಂಬ ಲ್ಯಾಟಿನ್ ಪದವನ್ನು ಅದರಲ್ಲಿ ಸೇರಿಸಿದ್ದನಾದ್ದರಿಂದ, ದೋಷವೆಲ್ಲವೂ ಕನ್ನಡದ್ದೆಂದು ಹೇಳಲಾಗದು.

ಶಬ್ದದಿಂದ ಹುಟ್ಟಿದ ಈ ನಂಬಿಕೆಯನ್ನು ಕವಿತಾಳ, ಸಿರವಾರ, ಮಾನ್ವಿಗಳ ಸೀಮೆಯಲ್ಲಿ ಕಣ್ಣಾರೆ ಕಾಣಬಹುದು. ಹೊಲಗೆಲಸದಿಂದ ಮೈ ಸೋತವರು, ಕೈಕಾಲು ಜೋಮು ಹಿಡಿಯುವ ವೃದ್ಧರು ದವಾಖಾನೆಗೆ ಹೋದಾಗ ಕೇಳುವುದು 'ಶಕ್ತಿ ಸೂಜಿ'ಯನ್ನು. ಅದರಲ್ಲಿಯೂ ಕೆಂಪು ಸೂಜಿಯನ್ನು. ಕೆಂಪಾದುದು ರಕ್ತವನ್ನು ಕೊಡುತ್ತದೆಂಬುದು ಅವರ ಎಣಿಕೆ. ಆ ಕೆಂಪು ರಕ್ತದ್ದಲ್ಲ, ಬಿ-12ರ ಅಣುವಿನ ನಡುವೆ ಕುಳಿತಿರುವ ಕೋಬಾಲ್ಟ್ ಲೋಹದ ಸುತ್ತಣ ರಚನೆಯದು. ಈ ದ್ರವ್ಯವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದುದು 1948ರಲ್ಲಿ. ಅದರ ಜಟಿಲವಾದ ರಚನೆಯನ್ನು ಬಿಡಿಸಿ ತೋರಿದ ಡೊರೊಥಿ ಹಾಡ್ಜ್‌ಕಿನ್ ಎಂಬ ವಿದುಷಿಗೆ 1964ರ ನೊಬೆಲ್ ಪಾರಿತೋಷಕ ಸಂದಿತು.

ದೇಹಕ್ಕೆ ಬೇಕಾದ ಬಿ-12ರ ಪ್ರಮಾಣ ಅತ್ಯಲ್ಪ. ವಯಸ್ಕರಿಗೆ ದಿನಕ್ಕೆ ಸುಮಾರು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ರಕ್ತದಲ್ಲಿ ಅದನ್ನು ಅಳೆಯುವುದು ಪಿಕೋಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಒಂದು ಮಿಲಿಲೀಟರಿಗೆ ಸುಮಾರು 200ರಿಂದ 900ರವರೆಗೆ ಇರುವುದು ವಾಡಿಕೆ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಈ ಎಲ್ಲೆ ತುಸು ಬದಲಾಗುತ್ತದೆ. ಒಂದು ಸೂಜಿಯಲ್ಲಿಯಾದರೋ 1000 ಮೈಕ್ರೋಗ್ರಾಂ ಇರುವುದುಂಟು. ಲೆಕ್ಕಕ್ಕೆ ಅದು ವರ್ಷಕ್ಕೂ ಮಿಕ್ಕ ಆಹಾರದಷ್ಟು; ಅದರ ಬಹುಭಾಗ ಮೂತ್ರದಲ್ಲಿ ಹೊರಟುಹೋಗುತ್ತದೆಂಬುದು ಬೇರೆ ಮಾತು. ಸೂಜಿ ಮಾಡಿಸಿಕೊಂಡ ಹಲವು ವಾರಗಳವರೆಗೆ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಏರಿಯೇ ಇದ್ದರೆ ಅಚ್ಚರಿಯಿಲ್ಲ.

ಈ ಸೂಜಿ ವ್ಯರ್ಥವೆಂದು ಇದರಿಂದ ತಿಳಿಯಲಾಗದು. ಬಿ-12ನ್ನು ಗಿಡಮರಗಳಾಗಲಿ ಪ್ರಾಣಿಗಳಾಗಲಿ ತಯಾರಿಸಲಾರವು. ಅದು ಸೂಕ್ಷ್ಮಜೀವಿಗಳ ಸೃಷ್ಟಿ. ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯೆಗಳಲ್ಲಿ ಅದಿಲ್ಲ. ಶಾಕಾಹಾರಿಗಳಾದ ವೀರಶೈವ ಲಿಂಗಾಯತ ಮನೆಗಳಲ್ಲಿ ಅದಕ್ಕೆ ಹಾಲು, ಮೊಸರು, ಮಜ್ಜಿಗೆಗಳೇ ಆಧಾರ. ಇವೂ ಸಾಲದೆ ಹೋದಾಗ ರಕ್ತಹೀನತೆಯೂ ನರಗಳ ದೌರ್ಬಲ್ಯವೂ ತಲೆದೋರುತ್ತವೆ. ಅಂಥವರಿಗೆ ಸೂಜಿ ನಿಜವಾದ ಔಷಧವೇ. ಆದರೆ ಕೊರತೆಯೇ ಸಾಮಾನ್ಯವಾದ ಇಂಥ ಮನೆಯ ಹಿರಿಯರೊಬ್ಬರು ಆಸ್ಪತ್ರೆಗೆ ಸೇರಿದಾಗ, ಸೂಜಿಯನ್ನೂ ಮಾತ್ರೆಯನ್ನೂ ಮುಟ್ಟದೆಯೇ ಅವರ ಬಿ-12 ಸಾವಿರವನ್ನು ಮೀರಿದೆಯೆಂದು ಭಾವಿಸೋಣ. 'ಶಕ್ತಿ ತುಂಬಿ ತುಳುಕುತ್ತಿದೆ' ಎಂದು ಬಂಧುಗಳು ಸಮಾಧಾನಪಡುವುದು ಇಲ್ಲಿಯೇ. ಎಚ್ಚರವಾಗಬೇಕಾದುದೂ ಇಲ್ಲಿಯೇ.

ಬಿ-12ರ ಉಗ್ರಾಣ ಯಕೃತ್ತು. ಹಲವು ವರ್ಷಗಳಿಗೆ ಸಾಲುವಷ್ಟು ಸಂಗ್ರಹ ಅಲ್ಲಿರುತ್ತದೆ. ಈ ಭಾಗದ ಹಿರಿಯರಿಗೆ ನೆಲದೊಳಗಣ ಹಗೇವಿನ ನೆನಪಿದೆ. ಹಗೇವು ಒಡೆದು ಜೋಳವು ಅಂಗಳದಲ್ಲಿ ಚೆಲ್ಲಿದ್ದರೆ, ನೋಡುವವನಿಗೆ ಅದು ಸುಗ್ಗಿಯಂತೆ ಕಂಡೀತು. ಮನೆಯವನಿಗೆ ಅದು ನಷ್ಟ. ಕಾಮಾಲೆಯಿಂದಲೋ ಮದ್ಯಪಾನದಿಂದಲೋ ಯಕೃತ್ತಿನ ಕೋಶಗಳು ಒಡೆದಾಗ ಒಳಗಿನ ಬಿ-12 ಹೀಗೆಯೇ ರಕ್ತಕ್ಕೆ ಚೆಲ್ಲುತ್ತದೆ. ಮೂತ್ರಪಿಂಡಗಳು ಸೋತವರಲ್ಲಿಯೂ ಈ ಸಂಖ್ಯೆ ಏರುವುದುಂಟು.

ಇನ್ನೊಂದು ಕಾರಣ ಹೆಚ್ಚು ಗೂಢವಾದುದು. ರಕ್ತದಲ್ಲಿ ಬಿ-12 ಒಂಟಿಯಾಗಿ ಸಂಚರಿಸದು. ಅದನ್ನು ಹೊರಲು ಎರಡು ಪ್ರೋಟೀನುಗಳಿವೆ. ಟ್ರಾನ್ಸ್‌ಕೋಬಾಲಮಿನ್ ಎಂಬುದು ಅದನ್ನು ಕೋಶಕೋಶಕ್ಕೂ ಮುಟ್ಟಿಸುವ ಹೊರೆಯಾಳು. ಹ್ಯಾಪ್ಟೊಕೊರಿನ್ ಎಂಬುದು ಬಹುಪಾಲನ್ನು ಹಿಡಿದಿಟ್ಟುಕೊಂಡಿರುತ್ತದೆಯೇ ಹೊರತು ಕೋಶಗಳಿಗೆ ಒಪ್ಪಿಸುವುದಿಲ್ಲ. ಈ ಎರಡನೆಯದನ್ನು ಬಿಳಿಯ ರಕ್ತಕಣಗಳೂ ಉತ್ಪಾದಿಸುತ್ತವೆ. ಆ ಕಣಗಳು ಮಿತಿಮೀರಿ ಬೆಳೆಯುವ ಕೆಲವು ರಕ್ತರೋಗಗಳಲ್ಲಿ, ಮುಖ್ಯವಾಗಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ, ಹ್ಯಾಪ್ಟೊಕೊರಿನ್ ಹೆಚ್ಚಿ ಬಿ-12ರ ಸಂಖ್ಯೆ ಹಲವು ಮಡಿ ಏರುತ್ತದೆ. ಸಂಖ್ಯೆ ಏರಿದ್ದರೂ ಕೋಶಗಳು ಹಸಿದೇ ಇರಬಹುದೆಂಬುದು ಇಲ್ಲಿನ ವಿಪರ್ಯಾಸ. ಡೆನ್ಮಾರ್ಕಿನ ಮೂರು ಲಕ್ಷಕ್ಕೂ ಮಿಕ್ಕ ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿ-12 ಅಧಿಕವಾಗಿದ್ದವರಲ್ಲಿ, ವಿಶೇಷವಾಗಿ ಮೊದಲ ವರ್ಷದೊಳಗೆ, ಕ್ಯಾನ್ಸರ್ ಪತ್ತೆಯಾಗುವ ಸಂಭವ ಹೆಚ್ಚೆಂದು ತೋರಿಸಿತು. ಬಿ-12 ಕ್ಯಾನ್ಸರನ್ನು ಹುಟ್ಟಿಸಿತೆಂದು ಇದರ ಅರ್ಥವಲ್ಲ. ಒಳಗೆ ಅಡಗಿದ್ದ ರೋಗವೇ ಬಿ-12ನ್ನು ಏರಿಸಿದ್ದಿರಬಹುದು. ಹೊಗೆಯೇ ಬೆಂಕಿಯನ್ನು ಹಚ್ಚಿತೆಂದು ಯಾರೂ ಹೇಳರಷ್ಟೆ.

ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಬಿ-12ಕ್ಕೆ ಸರಿಯಾಗಿ ಹೊಂದದು. ಅದರ ಆಧಿಕ್ಯದಿಂದಲೇ ಆಗುವ ಕೆಡುಕು ಕಡಿಮೆ. ಗಾದೆ ಹೊಂದುವುದು ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಉಳಿದುಬಿಡುವ ಎ ಮತ್ತು ಡಿ ಅನ್ನಾಂಗಗಳಿಗೆ. ವಾರಕ್ಕೊಂದರಂತೆ ಬರೆದುಕೊಟ್ಟ 60,000 ಘಟಕಗಳ ಡಿ ಪುಡಿಯನ್ನು ದಿನಕ್ಕೊಂದರಂತೆ ಸೇವಿಸುತ್ತ ಹೋದರೆ ರಕ್ತದಲ್ಲಿ ಸುಣ್ಣದಂಶ ಏರಿ, ವಾಂತಿ, ಮತಿಭ್ರಮೆಗಳುಂಟಾಗಿ, ಮೂತ್ರಪಿಂಡಗಳೇ ಕೆಡಬಹುದು.

ಆದುದರಿಂದ ಬಿ-12 ಅಧಿಕವೆಂದು ವರದಿ ಬಂದಾಗ ವೈದ್ಯರು ಮೊದಲು ಕೇಳುವ ಪ್ರಶ್ನೆ ಒಂದೇ: ಇತ್ತೀಚೆಗೆ ಯಾವ ಸೂಜಿ, ಯಾವ ಮಾತ್ರೆ? ಕವಿತಾಳದಿಂದ ರಾಯಚೂರಿನ ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವವರಲ್ಲಿ ಈ ಪ್ರಶ್ನೆಗೆ ಉತ್ತರವಿರದಿರುವುದೇ ಹೆಚ್ಚು. ಊರಿನಲ್ಲಿ ಚುಚ್ಚಿದ ಸೂಜಿಗೆ ಚೀಟಿಯಿರದು. ಸೂಜಿ ಯಾವುದೆಂದು ತಿಳಿಯದಿದ್ದರೆ, ಏರಿದ ಸಂಖ್ಯೆ ಔಷಧದ್ದೋ ರೋಗದ್ದೋ ಎಂಬುದನ್ನು ನಿರ್ಣಯಿಸುವುದರಲ್ಲಿಯೇ ದಿನಗಳು ಕಳೆಯುತ್ತವೆ. ಸೂಜಿಯೇ ಇರಲಿಲ್ಲವೆಂದು ಖಚಿತವಾದರೆ ರಕ್ತಕಣಗಳ ಎಣಿಕೆ, ಯಕೃತ್ತಿನ ಮತ್ತು ಮೂತ್ರಪಿಂಡಗಳ ಪರೀಕ್ಷೆಗಳು ಕೂಡಲೇ ಆರಂಭವಾಗುತ್ತವೆ. ಮೇಲೆ ಹೇಳಿದ ಲ್ಯುಕೇಮಿಯಾಕ್ಕೆ 2001ರಿಂದ ಇಮಾಟಿನಿಬ್ ಎಂಬ ಮಾತ್ರೆ ಲಭ್ಯವಾಗಿದ್ದು, ಹೊತ್ತಿಗೆ ಸರಿಯಾಗಿ ರೋಗ ಗೊತ್ತಾದವರು ಅದನ್ನು ಸೇವಿಸುತ್ತ ಹಲವಾರು ವರ್ಷ ತಮ್ಮ ಹೊಲಮನೆಗಳನ್ನು ನೋಡಿಕೊಂಡು ಬಾಳುತ್ತಿದ್ದಾರೆ.