ಅಂಚಿಗೆ ಸರಿದ ರಾಜಧಾನಿ: ಹೆಂಜೇರು ಮತ್ತು ಶಾಸನಾಧ್ಯಯನದ ಎಲ್ಲೆಗಳು

ಕರ್ನಾಟಕದ ಗಡಿ ಎಂದೊಡನೆ ಬೆಳಗಾವಿ, ಕಾಸರಗೋಡುಗಳು ನೆನಪಿಗೆ ಬರುತ್ತವೆ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗದ ಸುತ್ತ ನಡೆದ ಚರ್ಚೆ ಇದಕ್ಕೆ ಮುಖ್ಯ ಕಾರಣ. ವಿವಾದಕ್ಕೆ ಅಷ್ಟಾಗಿ ಒಳಗಾಗದ ಗಡಿಗಳತ್ತ ವಿದ್ವಾಂಸರ ಗಮನ ಹರಿದಿರುವುದು ಕಡಿಮೆ. ಅಂತಹ ಒಂದು ಗಡಿಯನ್ನು ಶಾಸನಾಧ್ಯಯನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಆ ಜಿಲ್ಲೆಯ ಉಳಿದ ಭಾಗದೊಂದಿಗೆ ಕೂಡಿಕೊಂಡಿಲ್ಲ. ಮಧುಗಿರಿಯಿಂದ ಪಾವಗಡಕ್ಕೆ ನೇರ ಹಾದಿಯಲ್ಲಿ ಹೋಗುವವರು ಆಂಧ್ರಪ್ರದೇಶದ ನೆಲವನ್ನು ದಾಟಬೇಕು. ನಡುವೆ ಚಾಚಿಕೊಂಡಿರುವುದು ಮಡಕಶಿರಾ ಸೀಮೆ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಟಿಪ್ಪುವಿನ ರಾಜ್ಯ ಹಂಚಿಹೋಯಿತು. ನಿಜಾಮನು ತನಗೆ ದೊರೆತ ಪ್ರದೇಶಗಳನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ರೂಪುಗೊಂಡ ದತ್ತಮಂಡಲದಲ್ಲಿ ಮಡಕಶಿರಾ ಸೇರಿತು. ಹಂಚಿಕೆಗೆ ಆಧಾರವಾದದ್ದು ಕಂದಾಯದ ಲೆಕ್ಕವೇ ಹೊರತು ಭಾಷೆಯಲ್ಲ. 1882ರಲ್ಲಿ ರಚಿತವಾದ ಅನಂತಪುರ ಜಿಲ್ಲೆ 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕನ್ನಡ ಮಾತನಾಡುವ ಹಳ್ಳಿಗಳು ಇಂದಿಗೂ ಅಲ್ಲಿವೆ.

ಇದೇ ಸೀಮೆಯ ಅಮರಾಪುರಂ ಮಂಡಲದ ಹೇಮಾವತಿಯೇ ಶಾಸನೋಕ್ತ ಹೆಂಜೇರು, ನೊಳಂಬರ ರಾಜಧಾನಿ. ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳೂ ಕನ್ನಡ ಶಾಸನಗಳೂ ಇಲ್ಲಿವೆ. ನೊಳಂಬವಾಡಿ 32000 ಎಂಬ ನಾಡಿನ ಕುರುಹುಗಳು ಇಂದು ಮೂರು ರಾಜ್ಯಗಳಲ್ಲಿ ಹರಡಿವೆ: ಕರ್ನಾಟಕದ ಆವನಿ, ಆಂಧ್ರದ ಹೇಮಾವತಿ, ತಮಿಳುನಾಡಿನ ಧರ್ಮಪುರಿ.

ಆಡಳಿತದ ಎಲ್ಲೆಗಳು ಶಾಸನ ಸಂಪುಟಗಳ ವಿಂಗಡಣೆಯನ್ನೂ ನಿರ್ಧರಿಸಿದವು ಎಂಬುದು ಗಮನಾರ್ಹ. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮೈಸೂರು ಸಂಸ್ಥಾನದ ಜಿಲ್ಲೆಗಳನ್ನು ಅನುಸರಿಸಿತು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಒಂಬತ್ತನೆಯ ಸಂಪುಟದಲ್ಲಿ, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರ ಸಂಪಾದಕತ್ವದಲ್ಲಿ, 1939ರಿಂದ ಪ್ರಕಟವಾದವು. ರಾಜ್ಯದೊಳಗೂ ಇಂತಹ ತೊಡಕುಂಟು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಶಾಸನಗಳನ್ನು ಹುಡುಕುವವರು 1901ರ 'ಕಡೂರು ಜಿಲ್ಲೆ' ಸಂಪುಟದ ತರೀಕೆರೆ ಭಾಗವನ್ನು ನೋಡಬೇಕು; ಆ ಹೆಸರಿನ ಜಿಲ್ಲೆಯೇ ಈಗಿಲ್ಲ, ಅದು ಚಿಕ್ಕಮಗಳೂರು. ಆದರೆ ಕಡೂರಿನ ಹೆಸರು ಬದಲಾದರೂ ನೆಲ ನಮ್ಮ ಪಠ್ಯಕ್ರಮದೊಳಗೇ ಉಳಿಯಿತು. ಹೆಂಜೇರು ರಾಜ್ಯದ ನಕ್ಷೆಯ ಹೊರಗಾದುದರಿಂದ, ಇಂದಿನ ಜಿಲ್ಲೆಗಳನ್ನು ಆಧರಿಸಿ ನಡೆಯುವ ಸಂಶೋಧನ ಪ್ರಬಂಧಗಳ ವ್ಯಾಪ್ತಿಯಿಂದಲೂ ಹೊರಗುಳಿಯುವ ಅಪಾಯವಿದೆ.

ಕವಿರಾಜಮಾರ್ಗವು ಕನ್ನಡ ನಾಡನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿದ ಒಂಬತ್ತನೆಯ ಶತಮಾನದಲ್ಲಿ ಹೆಂಜೇರು ಗಡಿಯಾಗಿರಲಿಲ್ಲ, ಕೇಂದ್ರವಾಗಿತ್ತು. ಅದನ್ನು ಇಂದು 'ಗಡಿನಾಡು' ಎಂದು ಕರೆಯುವಾಗ, ಎರಡು ಶತಮಾನಗಳ ಹಿಂದಿನ ಕಂದಾಯದ ಗೆರೆಯನ್ನು ಸಾವಿರ ವರ್ಷ ಹಿಂದಕ್ಕೆ ಎಳೆದಂತಾಗುತ್ತದೆ. ನೊಳಂಬರನ್ನು ಕುರಿತ ಅಧ್ಯಯನದ ವ್ಯಾಪ್ತಿಯನ್ನು ಇಂದಿನ ಜಿಲ್ಲೆಗಳಿಂದಲ್ಲ, ಶಾಸನೋಕ್ತ ನಾಡುಗಳಿಂದ ನಿರ್ಧರಿಸಬೇಕು. ಎರಡೂ ಸಂಪುಟಮಾಲೆಗಳನ್ನು ಒಟ್ಟಿಗಿಟ್ಟು ಓದುವುದೇ ಅದಕ್ಕೆ ಮೊದಲ ಹೆಜ್ಜೆ.