ಕಥೆಯ ಹಕ್ಕು ಕೊಡುವ ಮುನ್ನ

ಅಪ್ಪನೋ ಅಜ್ಜಿಯೋ ಬರೆದ ಕಾದಂಬರಿಯನ್ನು ಸಿನಿಮಾ ಮಾಡುತ್ತೇವೆಂದು ಯಾರಾದರೂ ಮನೆಗೆ ಬಂದರೆ ಕಾಫಿ ಕೊಡಿ. ಸಹಿ ಮಾತ್ರ ಅಂದೇ ಹಾಕಬೇಡಿ.

ಯಾಕೆಂದರೆ ಒಂದು ಉದಾಹರಣೆ ನೋಡಿ: ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಹಕ್ಕು 1969ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಚಿತ್ರಸಂಸ್ಥೆಯ ಪಾಲಾಯಿತು. ಗಳಿಕೆಯಲ್ಲಿ ಪಾಲು ಕೊಡುವ ಮಾತೂ ಒಪ್ಪಂದದಲ್ಲಿತ್ತು. ಮುಂದೆ ಆ ಕೃತಿಯಿಂದ ಬಂದ ಮೂರು ಚಿತ್ರಗಳು ಹಣದ ಹೊಳೆ ಹರಿಸಿದರೂ ಪಾಲು ಬರಲಿಲ್ಲವೆಂದು 2008ರಲ್ಲಿ ವಾರಸುದಾರರು ಅವುಗಳನ್ನು ತಯಾರಿಸಿದ ನ್ಯೂ ಲೈನ್ ಸಂಸ್ಥೆಯ ಮೇಲೆ ದಾವೆ ಹೂಡಿದರು. ಕೇಳಿದ್ದು ಒಟ್ಟು ಗಳಿಕೆಯ ಶೇ 7.5. ಮರುವರ್ಷ ರಾಜಿಯಾಯಿತು. 2012ರಲ್ಲಿ ಮತ್ತೆ ವ್ಯಾಜ್ಯ, ಈ ಸಲ ಆನ್‌ಲೈನ್ ಜೂಜಾಟಗಳಿಗೆ ಕೃತಿಯನ್ನು ಬಳಸಿದ್ದಕ್ಕೆ. 1969ರಲ್ಲಿ ಅಂಥದ್ದನ್ನು ಯಾರು ಕನಸು ಕಂಡಿದ್ದರು!

ನಮ್ಮ ಕೃತಿಸ್ವಾಮ್ಯ ಕಾಯ್ದೆ ಬರೆದವರ ಕಡೆ ತುಸು ವಾಲಿದೆ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಬಾಯಿಮಾತಲ್ಲಿ ನಡೆಯದು, ಬರಹದಲ್ಲೇ ಆಗಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಆದ್ದರಿಂದಲೇ ನಿರ್ಮಾಪಕರ ವಕೀಲರು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಸೇರಿಸುವುದು; ಆ ಸಾಲಿನ ಮೇಲೆ ಬೆರಳಿಟ್ಟು ಚೌಕಾಸಿ ಮಾಡಿ. ವೆಬ್ ಸರಣಿ, ಡಬ್ಬಿಂಗ್, ರೀಮೇಕ್ ಒಂದೊಂದಕ್ಕೂ ಬೇರೆ ದರ ಕೇಳಿ. ‘ನಿವ್ವಳ ಲಾಭದಲ್ಲಿ ಪಾಲು’ ಎಂದರೆ ಮರುಳಾಗಬೇಡಿ, ಸಿನಿಮಾದವರ ಲೆಕ್ಕದಲ್ಲಿ ಲಾಭ ಅಷ್ಟು ಸುಲಭಕ್ಕೆ ಮುಖ ತೋರಿಸುವುದಿಲ್ಲ. ಮುಂಗಡವಾಗಿ ನಿಶ್ಚಿತ ಮೊತ್ತ ಪಡೆಯುವುದೇ ವಾಸಿ.