ತುಪ್ಪಕ್ಕೆ ಹಾಕುವ ಎಲೆ, ತಟ್ಟೆಗೆ ಬೇಕಾದ ಸೊಪ್ಪು



ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆಯನ್ನೋ ಒಂದಿಷ್ಟು ನುಗ್ಗೆಸೊಪ್ಪನ್ನೋ ಹಾಕುವುದು ನಮ್ಮ ಕಡೆಯ ರೂಢಿ. ಘಮಕ್ಕೆಂದು ಹಾಕುತ್ತೇವೆ. ಇನ್ನೊಂದು ಪ್ರಯೋಜನವೂ ಉಂಟು. ಕೊಬ್ಬು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಕೆಟ್ಟಾಗ ತುಪ್ಪ ಕಮಟು ವಾಸನೆ ಬರುತ್ತದೆ. ಎಲೆಯಲ್ಲಿರುವ ಕೆಲವು ಪದಾರ್ಥಗಳು ಈ ಕ್ರಿಯೆಯನ್ನು ನಿಧಾನ ಮಾಡುತ್ತವೆ. ಇವಕ್ಕೆ ಆಂಟಿಆಕ್ಸಿಡೆಂಟ್ ಎಂದು ಹೆಸರು.

ಈ ಹೆಸರನ್ನು ಈಗ ಡಬ್ಬಿಗಳ ಮೇಲೆ ಕಾಣುತ್ತಿದ್ದೇವೆ. ಕೊಪ್ಪ ಹೋಬಳಿಯ ಸದಸ್ಯರೊಬ್ಬರು ಒಂದು ಬಟವಾಡೆಯ ಹಣವನ್ನೆಲ್ಲ ಕೊಟ್ಟು ಇಂಥದೊಂದು ಪುಡಿ ತಂದು, ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ನಿಲ್ಲಿಸಿದ್ದರು. ಹಸುವಿಗೆ ಗರ್ಭಧಾರಣೆ ಮಾಡಿಸಲು ಹೋದ ನನಗೆ ಡಬ್ಬಿ ತೋರಿಸಿದರು. ನಾನು ದನದ ಡಾಕ್ಟರು. ಆದರೂ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿ ಬಂದೆ.

ಸೊಪ್ಪು, ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಹೃದ್ರೋಗ, ಕೆಲವು ಬಗೆಯ ಕ್ಯಾನ್ಸರ್ ಕಡಿಮೆ ಎಂದು ಕಂಡುಬಂದಿತ್ತು. ಹಾಗಾದರೆ ಅವುಗಳಲ್ಲಿರುವ ಬೀಟಾ ಕೆರೋಟಿನ್ ಅನ್ನೇ ಮಾತ್ರೆ ಮಾಡಿ ಕೊಡೋಣ ಎಂದು ವಿಜ್ಞಾನಿಗಳು ಹೊರಟರು. ಫಿನ್ಲೆಂಡ್ ದೇಶದಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು! ಅಮೆರಿಕದ ಇಂಥದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಬೀಟಾ ಕೆರೋಟಿನ್ ವಿಷವೇನೂ ಅಲ್ಲ. ಹಸಿರು ಮೇವಿನಲ್ಲಿರುವುದೂ ಅದೇ; ನಿಮ್ಮ ಹಸುವಿನ ಗಿಣ್ಣು ಹಾಲಿಗೆ ಹಳದಿ ಬಣ್ಣ ಕೊಡುವುದೂ ಅದೇ. ಎಮ್ಮೆ ಅದನ್ನೆಲ್ಲ ಎ ಜೀವಸತ್ವವಾಗಿ ಮಾರ್ಪಡಿಸುವುದರಿಂದ ಅದರ ಹಾಲು ಬಿಳಿ. ಬರೀ ಒಣಹುಲ್ಲು ತಿಂದ ಹಸುವಿನ ಕರುವಿಗೆ ಇರುಳುಗುರುಡು ಬರಬಹುದು. ಮಕ್ಕಳಿಗೂ ಹಾಗೆಯೇ. ಸೊಪ್ಪಿನಲ್ಲಿ ಇದು ಮಿತವಾಗಿ, ನಾರು ಮತ್ತು ಇತರ ನೂರಾರು ಪದಾರ್ಥಗಳ ಜೊತೆ ಬರುತ್ತದೆ. ಮಾತ್ರೆಯಲ್ಲಿ ಒಂದೇ, ಅದೂ ಬಹಳ ಹೆಚ್ಚು. ದಂಟು, ಕೀರೆ, ಹೊನಗೊನ್ನೆ, ನುಗ್ಗೆ, ಹೊಲದ ಬದುವಿನ ಬೆರಕೆ ಸೊಪ್ಪು ಯಾವುದಾದರೂ ಸರಿ. ಬಸ್ಸಾರು ಮಾಡಿ, ಒಗ್ಗರಣೆ ಹಾಕಿ. ಎಣ್ಣೆಯ ಅಂಶವಿಲ್ಲದೆ ಕೆರೋಟಿನ್ ದೇಹಕ್ಕೆ ಸರಿಯಾಗಿ ಸೇರದು.

ಇನ್ನು ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಜಿಲ್ಲೆ ನಮ್ಮದು. ರಾಗಿಯ ಪಾಲಿಫೀನಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳು ಹೆಚ್ಚಾಗಿ ಕಾಳಿನ ಕೆಂಪು ಸಿಪ್ಪೆಯಲ್ಲಿಯೇ ಇವೆ ಎಂದು ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ತೋರಿಸಿದ್ದಾರೆ. ಪಿಷ್ಟ ಜೀರ್ಣವಾಗುವುದನ್ನು ಅವು ನಿಧಾನಗೊಳಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ನಾವೋ, ಮುದ್ದೆ ನುಣ್ಣಗಿರಲೆಂದು ಹಿಟ್ಟನ್ನು ಸಣ್ಣ ಜರಡಿ ಹಿಡಿದು ತೌಡನ್ನು ಕಲಗಚ್ಚಿಗೆ ಸುರಿಯುತ್ತೇವೆ. ಲಾಭ ಹಸುವಿಗೆ! ಹಾಗೆಂದು ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಎಷ್ಟಾದರೂ ತಿನ್ನಬಹುದೆಂದು ತಿಳಿಯಬೇಡಿ. ರಾಗಿಯಲ್ಲಿ ಬಹುಪಾಲು ಪಿಷ್ಟವೇ.

ಒಂದು ತೊಡಕೂ ಇದೆ. ಇದೇ ಪಾಲಿಫೀನಾಲ್‌ಗಳು ಆಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಟೀಯಲ್ಲಿಯೂ ಇವು ಧಾರಾಳ. ರಕ್ತಹೀನತೆಯಿರುವ ಹೆಣ್ಣುಮಕ್ಕಳು, ಬಸುರಿಯರು ಊಟದ ಜೊತೆಗೇ ಟೀ ಕುಡಿಯಬಾರದು, ಒಂದು ಗಂಟೆಯಾದರೂ ಬಿಡಬೇಕು. ಸೊಪ್ಪಿನ ಸಾರಿಗೆ ಬಡಿಸುವ ಮುಂಚೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಸೇರುತ್ತದೆ.